ಕುದುರೆಗೆ ಹೇರಲಾಗದ ವಾದ್ಯ

ಅಪ್ಪಾ,

"ಕುದುರೆ ಮೇಲೆ ಹೇರೋಕಾಗದ ವಾದ್ಯ ನಮ್ದಲ್ಲ ಕಣೇ" ಎಂದು ಮೂರು ತಂತಿಯ ಕೋಮುಜ್ ಮೀಟುತ್ತಾ ಹಂಗಿಸುತ್ತಿದ್ದವನು ನೀನು. ನಾನು ಪಿಯಾನೋ ಅಭ್ಯಾಸಕ್ಕೆ ಕೂತರೆ ಸಾಕು, ಎದ್ದು ಹೊರಗೆ ಹೋಗುತ್ತಿದ್ದವನೂ ನೀನೇ. ರಾಜಧಾನಿ ಬಿಷ್ಕೆಕ್‌ನಲ್ಲಿ ಕಛೇರಿ ಕೊಟ್ಟೆ, ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದೆ. ನೀನು ಒಮ್ಮೆಯೂ ಬರಲಿಲ್ಲ.

ಇವತ್ತು ನನ್ನ ಪಿಯಾನೋವನ್ನು ನಾರಿನ್ ಬೆಟ್ಟದ ನಮ್ಮ ಹುಲ್ಲುಗಾವಲಿಗೇ ತಂದೆ. ನಿನ್ನ ಗೆಳೆಯ ಜುಮಾಶ್ ಚಿಕ್ಕಪ್ಪ, "ಕುದುರೆಗಾಗದ್ದನ್ನ ಲಾರಿಗೆ ಹೇರ್ಕೊಂಡು ಬಂದ್ಯಲ್ಲೇ! ಅಪ್ಪನಷ್ಟೇ ಹಟಮಾರಿ ನೀನು" ಎಂದು ನಕ್ಕ.

ನನ್ನ ಶಿಷ್ಯೆ ಅಯ್ಚೂರೆಕ್ ಅದರಲ್ಲಿ ನುಡಿಸಿದ್ದು ನಿನ್ನದೇ ಕೋಮುಜ್ ಧಾಟಿ. ನಾನು ಚಿಕ್ಕವಳಿದ್ದಾಗ ಬಾಗಿಲ ಹಿಂದೆ ನಿಂತು ಅದನ್ನು ಕದ್ದು ಕಲಿತಿದ್ದೆ. ನಿನಗೆ ಹೇಳಿರಲಿಲ್ಲ.

ಪಿಯಾನೋ ಇಡಿಸಿದ್ದು ನಿನ್ನ ಸಮಾಧಿಯ ಎದುರಿಗೇ. ನಾಳೆ ನಾನೇ ನುಡಿಸುತ್ತೇನೆ. ಎದ್ದು ಎಲ್ಲಿಗೆ ಹೋಗುತ್ತೀಯೋ ನೋಡೋಣ.