ಮಕ್ಕಳು: ಇಲ್ಲ

ನಮ್ಮ ಮನೆ, ಮೂರನೆಯ ಮಹಡಿ
ಹದಿನಾಲ್ಕನೆಯ ತಾರೀಖು, ಮಂಗಳವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಅತ್ತೆಯ ಮನೆಯಲ್ಲಿ ಮೆಟ್ಟಿಲುಗಳು ಜಾಸ್ತಿ. ಜೀವಮಾನವಿಡೀ ಲಿಫ್ಟ್ ರಿಪೇರಿ ಮಾಡಿ ಊರಿನವರನ್ನೆಲ್ಲ ಏರಿಸಿ ಇಳಿಸಿದವನಿಗೆ ಈ ವಯಸ್ಸಿನಲ್ಲಿ ಮೆಟ್ಟಿಲು ಹತ್ತುವ ಗ್ರಹಚಾರ ನೋಡು. ಬಿ.ಪಿ. ಮಾತ್ರೆ ಇಷ್ಟರಲ್ಲಿ ಮುಗಿದಿರಬೇಕು, ಚೀಟಿ ಇದರ ಜೊತೆಗೇ ಇಟ್ಟಿದ್ದೇನೆ. ನಿನ್ನ ಓದುವ ಕನ್ನಡಕ ಇಲ್ಲೇ ಟಿ.ವಿ. ಮೇಲೆ ಕುಳಿತಿದೆ, ಅದಕ್ಕೇ ಇಷ್ಟು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಕಷ್ಟವಾದರೂ ನೀನೇ ಓದಿಕೋ, ಅತ್ತೆಯ ಕೈಗೆ ಕೊಡಬೇಡ. ನಾನು ಫೋನ್ ಮಾಡಿದಾಗಲೆಲ್ಲ ಅವಳು ನೀನು ಸ್ನಾನಕ್ಕೆ ಹೋಗಿದ್ದೀಯ ಎನ್ನುತ್ತಾಳೆ. ಬೆಳಿಗ್ಗೆಯೂ ಸ್ನಾನ, ಮಧ್ಯಾಹ್ನವೂ ಸ್ನಾನ. ಇಷ್ಟು ಸ್ನಾನ ಮಾಡಿದರೆ ಮನುಷ್ಯ ಸೋಪಿನ ಹಾಗೆ ಸವೆದು ಹೋಗುತ್ತಾನೆ ಅಪ್ಪಾ. ಅದಕ್ಕೇ ಈ ಕಾಗದ.

ನಾನು ಚೆನ್ನಾಗಿದ್ದೇನೆ ಎಂದೇ ಬರೆಯಬೇಕು, ಬೇರೇನು ಬರೆಯಲಿ? ಬೇಸರವೂ ಇಲ್ಲ, ಸಿಟ್ಟೂ ಇಲ್ಲ. ದಿನಾ ಕ್ಲಿನಿಕ್ಕಿಗೆ ಹೋಗುತ್ತೇನೆ, ಹಿಂದಿನ ಕೋಣೆಯಲ್ಲಿ ಕುಳಿತು ಮೇಣ ಕರಗಿಸಿ ಕೃತಕ ಹಲ್ಲು ಜೋಡಿಸುತ್ತೇನೆ. ಮೊನ್ನೆ ಒಬ್ಬ ಅಜ್ಜಿಗೆ ಮೇಲಿನ ಸೆಟ್ ಮಾಡಿಕೊಟ್ಟೆ. ಆಕೆ ಕನ್ನಡಿ ನೋಡಿಕೊಂಡು, ತನ್ನ ಹಳೆಯ ಹಲ್ಲಿಗಿಂತ ಇವೇ ಸ್ವಂತದ ಹಾಗಿವೆ ಎಂದು ನನ್ನ ಗಲ್ಲ ಹಿಡಿದರು. ಬೇರೆ ದಿನವಾಗಿದ್ದರೆ ನಾನು ಮನೆಗೆ ಬಂದು ಇದನ್ನೇ ನಾಲ್ಕು ಸಲ ಹೇಳಿ ನಿನ್ನ ತಲೆ ತಿನ್ನುತ್ತಿದ್ದೆ. ಅವತ್ತು ಸುಮ್ಮನೆ ಕೈ ತೊಳೆದುಕೊಂಡೆ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟಾಗ ತುಟಿ ದಪ್ಪಗಾಗಿ, ನೀರು ಕುಡಿದರೆ ಪಕ್ಕದಿಂದ ಸೋರಿಹೋದರೂ ತಿಳಿಯುವುದಿಲ್ಲವಲ್ಲ, ಹಾಗಿದ್ದೇನೆ. ನನ್ನನ್ನು ನೋಡಿ ಡಾಕ್ಟರಮ್ಮ ರಜೆ ಹಾಕು ಎಂದರು. ರಜೆ ಹಾಕಿ ಏನು ಮಾಡಲಿ, ಮನೆಯಲ್ಲಿ ಗೋಡೆ ನೋಡುತ್ತಾ ಕೂರುವುದೇ?

ಆ ದಿನ ನಾವಿಬ್ಬರೂ ಸರಿಯಾಗಿ ಮಾತೇ ಆಡಲಿಲ್ಲ, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ನೀನು ಆ ಮದುವೆ ಸಂಬಂಧದ ಕಂಪನಿಯಲ್ಲಿ ಹೆಸರು ಬರೆಸಿದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೇಡ ಎನ್ನುತ್ತಿರಲಿಲ್ಲ. ಅಮ್ಮ ಹೋದ ಮೇಲೆ ನೀನು ಎಷ್ಟು ಮೆತ್ತಗಾದೆ ಎಂದು ನೋಡಿದವಳು ನಾನೇ ತಾನೇ. ಒಳ್ಳೆಯ ಫೋಟೋ ತೆಗೆದುಕೊಡುತ್ತಿದ್ದೆ, ಆ ಬೂದು ಬಣ್ಣದ ಅಂಗಿಯನ್ನು ಮಾತ್ರ ಹಾಕಲು ಬಿಡುತ್ತಿರಲಿಲ್ಲ. ಆದರೆ ಕಂಪನಿಯವರು ಗಿರಾಕಿಗಳ ವಿವರವನ್ನೆಲ್ಲ ಬೀಗವಿಲ್ಲದ ಪೆಟ್ಟಿಗೆಯ ಹಾಗೆ ಇಟ್ಟುಕೊಂಡಿದ್ದರು. ಯಾರೋ ಅದನ್ನು ಕದ್ದು ಊರಿಗೆಲ್ಲ ಹಂಚಿದರು. ಅದು ಕೈಯಿಂದ ಕೈಗೆ ಬಂದು ನಮ್ಮ ಕಟ್ಟಡದವರ ಫೋನ್ ಗುಂಪಿಗೂ ತಲುಪಿತು. ಕೆಳಗಿನ ಮನೆಯ ಮೇಷ್ಟರು ನಿನ್ನ ಪುಟವನ್ನು ಹಾಕಿ, ಕೆಳಗೆ ಕೈಮುಗಿದ ಚಿತ್ರ ಅಂಟಿಸಿ, ಶುಭವಾಗಲಿ ಎಂದು ಬರೆದರು. ಮನುಷ್ಯನಿಗೆ ಕುಹಕವೋ ಮುಗ್ಧತೆಯೋ, ಇವತ್ತಿಗೂ ನನಗೆ ಬಗೆಹರಿದಿಲ್ಲ.

ನಿನ್ನ ಬಗ್ಗೆ ನೀನೇ ಬರೆದುಕೊಂಡದ್ದನ್ನು ಎಲ್ಲರೂ ಓದಿದರು. 'ಮಾತು ಕಡಿಮೆ. ಇಬ್ಬರಿಗೆ ಸಾಕಾಗುವಷ್ಟು ಅಡುಗೆ ಬರುತ್ತದೆ. ಸದ್ದು ಕೇಳಿ ಲಿಫ್ಟಿನಲ್ಲಿ ಏನು ಕೆಟ್ಟಿದೆ ಎಂದು ಹೇಳಬಲ್ಲೆ.' ಕೊನೆಯ ಸಾಲಿಗೆ ಕಟ್ಟಡವೇ ನಕ್ಕಿತು. ನಿಜ ಹೇಳಬೇಕೆಂದರೆ ನನಗೂ ನಗು ಬಂತು, ಹೆಣ್ಣು ಹುಡುಕುವ ಜಾಗದಲ್ಲಿ ಲಿಫ್ಟಿನ ವಿಚಾರ ಬರೆಯುವವರು ನಿನ್ನನ್ನು ಬಿಟ್ಟರೆ ಬೇರೆ ಯಾರೂ ಇರಲಾರರು. ಆಮೇಲೆ ಮೇಲಿನ ಪಟ್ಟಿ ಓದಿದೆ. ವಯಸ್ಸು, ಎತ್ತರ, ಆರೋಗ್ಯ. ಸ್ವಂತ ಮನೆ: ಇದೆ. ಮಕ್ಕಳು: ಇಲ್ಲ.

ನಾನು ಫೋನನ್ನು ನಿನ್ನ ಮುಂದೆ ಹಿಡಿದೆ, ಆ ಸಾಲಿನ ಮೇಲೆ ಬೆರಳಿಟ್ಟು. ನೀನು ನೋಡಿದೆ. ಎದ್ದುಹೋಗಿ ಕಾಫಿ ಲೋಟ ತೊಳೆದೆ, ಅದು ಆಗಲೇ ತೊಳೆದಿಟ್ಟ ಲೋಟ. ಬಾಯಿಗೆ ಬೀಗ ಹಾಕಿಕೊಳ್ಳುವುದರಲ್ಲಿ ನಾನೂ ನಿನ್ನ ಮಗಳೇ. ಅದೇ ವಾರ ನೀನು ಫೋನನ್ನು ಫ್ರಿಜ್ಜಿನ ಮೇಲೆ ಬಿಟ್ಟು, ಚೀಲ ಹಿಡಿದು ಅತ್ತೆಯ ಮನೆಗೆ ಹೊರಟೆ. ದೂರು ಕೊಡಲು ನಿನ್ನ ಒಪ್ಪಿಗೆ ಬೇಕು ಎಂದದ್ದಕ್ಕೆ ಬಾಗಿಲಲ್ಲೇ ನಿಂತು ರುಜು ಹಾಕಿ, "ಏನು ಬೇಕಾದ್ರೂ ಮಾಡ್ಕೋ, ನನ್ನನ್ನ ಮಾತ್ರ ಕರೀಬೇಡ" ಎಂದೆ.

ಸರಿ, ಮಾಡಿಕೊಂಡೆ. ಮೊದಲು ಕಂಪನಿಗೇ ಬರೆದೆ. ನಮ್ಮ ತಂದೆ ಮನೆ ಬಿಟ್ಟು ಹೋಗುವ ಹಾಗಾಗಿದೆ, ಗುರುತಿಲ್ಲದವರು ಫೋನ್ ಮಾಡಿ ಹೊಲಸು ಮಾತಾಡುತ್ತಾರೆ, ಇದಕ್ಕೆ ಪರಿಹಾರ ಕೊಡಬೇಕು ಎಂದು. ಅವರು ವಿಷಾದಿಸಿದರು. ಪಾಸ್‌ವರ್ಡ್ ಬದಲಾಯಿಸಿಕೊಳ್ಳಿ ಎಂದರು. ಪರಿಹಾರ ಎಂದು ನಿನಗೆ ಒಂದು ವರ್ಷದ ಉಚಿತ ಸದಸ್ಯತ್ವ ಕೊಡುತ್ತಾರಂತೆ. ಸೋರುವ ಕೊಡ ಕೊಟ್ಟವನು ಸಮಾಧಾನಕ್ಕೆ ಇನ್ನೊಂದು ಸೋರುವ ಕೊಡ ಕೊಟ್ಟ ಹಾಗೆ. ಆಮೇಲೆ ಇಂಥ ದೂರು ಕೇಳುವ ಕಚೇರಿಗೆ ನಿನ್ನ ಹೆಸರಿನಲ್ಲಿ ಅರ್ಜಿ ಹಾಕಿದೆ. ಅಲ್ಲಿಯವರು ನಿನ್ನ ಫೋನಿಗೆ ಬರುವ ಕರೆಗಳೇ ಸಾಕ್ಷಿ, ಅದನ್ನು ಆರಿಸಬೇಡಿ ಎಂದಿದ್ದಾರೆ. ಹಾಗಾಗಿ ಅದಕ್ಕೆ ದಿನಾ ಚಾರ್ಜ್ ಹಾಕುತ್ತೇನೆ. ಅದು ಬಡಿದುಕೊಳ್ಳುತ್ತದೆ, ನಾನು ಎತ್ತುವುದಿಲ್ಲ. ಅವರಲ್ಲಿ ಯಾರಾದರೂ ನಿನಗೆ ನಿಜವಾಗಿ ಪರಿಚಯವಾದವರು ಇದ್ದಾರೋ ಏನೋ. ಅದನ್ನು ಕೇಳುವ ಹಕ್ಕು ನನಗಿಲ್ಲ, ಕೇಳುವುದೂ ಇಲ್ಲ.

ನಿನ್ನೆ ವಿಚಾರಣೆ ಇತ್ತು. ಕಚೇರಿ ಐದನೆಯ ಮಹಡಿಯಲ್ಲಿ. ಅವರ ಲಿಫ್ಟ್ ಮೂರರಿಂದ ನಾಲ್ಕಕ್ಕೆ ಹೋಗುವಾಗ ಕೀರಲು ಸದ್ದು ಮಾಡುತ್ತದೆ, ನೀನಿದ್ದಿದ್ದರೆ ಕೆಲಸ ಬಿಟ್ಟು ಅದನ್ನೇ ಕೇಳುತ್ತಾ ಮೇಲೂ ಕೆಳಗೂ ಓಡಾಡುತ್ತಿದ್ದೆ. ಉದ್ದನೆಯ ಮೇಜು, ಅಲುಗಾಡುವ ಕುರ್ಚಿಗಳು, ಕುಡಿಯುವ ನೀರಿನ ಮೇಲೆ ಮುಚ್ಚಿದ ತಟ್ಟೆ. ಅಧಿಕಾರಿ ನಡುವಯಸ್ಸಿನ ಹೆಂಗಸು, ಪೆನ್ನಿನ ಮುಚ್ಚಳ ಕಚ್ಚುವ ಅಭ್ಯಾಸ, ಮುಂದಿನ ಹಲ್ಲಿನ ಅಂಚು ಅದಕ್ಕೇ ಸವೆದಿದೆ. ಕಂಪನಿಯ ವಕೀಲನಿಗೆ ಹಲ್ಲು ಗಟ್ಟಿಯಾಗಿದ್ದವು, ಎಲ್ಲವೂ ಸ್ವಂತದ್ದೇ. ಮಾತೂ ಅಷ್ಟೇ ಗಟ್ಟಿಯಾಗಿತ್ತು. ಅವನು ನನ್ನನ್ನು ಕೇಳಿದ್ದು ಒಂದೇ: "ನೀವು ಅರ್ಜಿದಾರರಿಗೆ ಏನಾಗಬೇಕು?"

ಮಗಳು ಎಂದೆ.

ಅವನು ನಿನ್ನ ಪುಟವನ್ನು ನನ್ನ ಮುಂದಕ್ಕೇ ಸರಿಸಿದ, ನಾನೇ ಅರ್ಜಿಯ ಜೊತೆ ಲಗತ್ತಿಸಿದ ಪುಟ. "ಇದರಲ್ಲಿ ಅವರಿಗೆ ಮಕ್ಕಳೇ ಇಲ್ವಲ್ಲ ಮೇಡಂ" ಎಂದ. ನಾನು ಗುರುತಿನ ಚೀಟಿ ತೆಗೆದು ತೋರಿಸಿದೆ, ಅದರಲ್ಲಿ ತಂದೆಯ ಜಾಗದಲ್ಲಿ ನಿನ್ನ ಹೆಸರಿದೆ. ಅವನಿಗೆ ಬೇಕಾಗಿದ್ದದ್ದೇ ಅದು. ಹಾಗಾದರೆ ಇವರ ತಂದೆ ನಮ್ಮ ಕಂಪನಿಗೆ ಸುಳ್ಳು ಮಾಹಿತಿ ಕೊಟ್ಟಿದ್ದಾರೆ, ಸುಳ್ಳು ಕೊಟ್ಟವರಿಗೆ ಪರಿಹಾರ ಕೇಳುವ ಅರ್ಹತೆ ಇಲ್ಲ ಎಂದು ನಮ್ಮ ಕರಾರಿನಲ್ಲೇ ಇದೆ ಎಂದು ಅಧಿಕಾರಿಯ ಕಡೆ ತಿರುಗಿದ. ಅದು ಸುಳ್ಳಲ್ಲ ಎನ್ನುವುದಾದರೆ ಈಕೆ ಮಗಳಲ್ಲ, ಯಾರೋ ಹಾದಿಹೋಕರು, ಇಲ್ಲಿ ಕುಳಿತು ಮಾತಾಡುವ ಹಾಗಿಲ್ಲ ಎಂದ. ನೋಡಿದೆಯಾ ಅಪ್ಪಾ? ನಾನು ಮಗಳಾದರೆ ನೀನು ಸುಳ್ಳುಗಾರ. ನೀನು ಸತ್ಯವಂತನಾದರೆ ನಾನು ಯಾರೂ ಅಲ್ಲ.

ಅಧಿಕಾರಿ ನನ್ನ ಮುಖ ನೋಡಿದರು. "ಪುಟದಲ್ಲಿರುವುದು ಸರಿಯೋ ತಪ್ಪೋ, ನೀವೇ ಹೇಳಿಬಿಡಿ" ಎಂದರು, ಗದರಿಸಿ ಅಲ್ಲ, ಮೆತ್ತಗೆ. ಒಂದು ಮಾತು ಸಾಕಿತ್ತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳು ಬಂದಿದ್ದರೂ ಮರ್ಯಾದೆಯಿರುತ್ತಿತ್ತು. ನಾನು ಆ ನೀರಿನ ಲೋಟದ ಮೇಲಿನ ತಟ್ಟೆಯನ್ನೇ ನೋಡುತ್ತಾ ಕುಳಿತೆ. ಯಾಕೆಂದರೆ ಸರಿಯೋ ತಪ್ಪೋ ಎನ್ನುವುದು ನನಗೇ ಗೊತ್ತಿರಲಿಲ್ಲ. ಮಗಳು ಹೌದು ಎನ್ನುವುದಕ್ಕೆ ಚೀಟಿ ಇದೆ. ನೀನು ಒಬ್ಬನೇ ಕುಳಿತು, ಯಾರೂ ನೋಡದಿರುವಾಗ, ನಿನ್ನ ಕೈಯಾರೆ 'ಇಲ್ಲ' ಎಂದು ಒತ್ತಿದೆಯಲ್ಲ, ಅದಕ್ಕೆ ಯಾವ ಚೀಟಿ ತೋರಿಸಲಿ? ಕೊನೆಗೆ, ಅವರೇ ಬಂದು ಹೇಳಲಿ ಎಂದೆ. ಮುಂದಿನ ವಾರ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಮತ್ತೆ ಕರೆದಿದ್ದಾರೆ. ನೀನು ಬರದಿದ್ದರೆ ದೂರು ಅಲ್ಲಿಗೆ ಮುಗಿಯಿತು.

ನಿನ್ನನ್ನು ಬಯ್ಯಲು ಬರೆಯುತ್ತಿಲ್ಲ. ಸಣ್ಣಪುಟ್ಟದ್ದೆಲ್ಲ ನೆನಪಾಗುತ್ತದೆ ಅಷ್ಟೇ. ನಾನು ಚಿಕ್ಕವಳಿದ್ದಾಗ ನಿನ್ನ ಜೊತೆ ಬಂದು ಲಿಫ್ಟಿನ ಗುಂಡಿಗಳನ್ನೆಲ್ಲ ಒಟ್ಟಿಗೆ ಒತ್ತಿ, ಎಲ್ಲ ಮಹಡಿಯವರ ಕೈಯಲ್ಲೂ ಬೈಸಿಕೊಂಡದ್ದು, ಅಂದಿನಿಂದ ನೀನು ನನ್ನನ್ನು ಗುಂಡಿ ಎಂದೇ ಕರೆದದ್ದು. ಅಂಗಡಿಯಲ್ಲಿ ಬಿಲ್ ಹಾಕುವವನು ನನ್ನ ನಂಬರ್ ಕೇಳಿದರೆ ನೀನು ನಡುವೆ ನುಗ್ಗಿ ನಿನ್ನದೇ ಹೇಳುತ್ತಿದ್ದದ್ದು. ಬಹುಮಾನದ ಚೀಟಿಗೆ ನನ್ನ ಹೆಸರು ಬರೆಯಲು ಹೋದರೆ, "ಕಂಡಕಂಡವರಿಗೆಲ್ಲ ಯಾಕೆ ಹೆಸರು ಕೊಡ್ತೀಯ" ಎಂದು ಪೆನ್ನು ಕಿತ್ತುಕೊಳ್ಳುತ್ತಿದ್ದದ್ದು. ನಿನ್ನಿಂದಾಗಿ ನನಗೆ ಒಂದು ಕುಕ್ಕರ್ ತಪ್ಪಿತು ಎಂದು ಎಷ್ಟು ವರ್ಷ ಮುಖ ಊದಿಸಿಕೊಂಡಿದ್ದೆ! ಈಗಲೂ ಬೆಳಿಗ್ಗೆ ಎದ್ದು ಇಬ್ಬರಿಗಾಗುವಷ್ಟು ಕಾಫಿ ಮಾಡಿಬಿಡುತ್ತೇನೆ, ಸಂಜೆ ಬಂದು ಉಳಿದದ್ದನ್ನು ಚೆಲ್ಲುತ್ತೇನೆ.

ಮೇಷ್ಟರು ನೀನು ಹೇಗಿದ್ದೀಯ ಎಂದು ಕೇಳಿದರು. ತಲೆ ತಗ್ಗಿಸಿಕೊಂಡೇ ಕೇಳಿದರು, ಪಾಪ. ಅತ್ತೆಗೆ ನನ್ನ ನಮಸ್ಕಾರ ಹೇಳು, ನಿನಗೆ ಅಷ್ಟೊಂದು ಬಿಸಿನೀರು ಕಾಯಿಸಿದ್ದಕ್ಕೆ ವಂದನೆಯನ್ನೂ ಹೇಳು. ಮಾತ್ರೆ ತಪ್ಪಿಸಬೇಡ. ಬರುವುದೂ ಬಿಡುವುದೂ ನಿನಗೆ ಸೇರಿದ್ದು.

ಇಂತಿ,
ನಿನ್ನ
ಗುಂಡಿ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಹರಿದು ಬರೆಯುತ್ತಿದ್ದೇನೆ. ನಿನ್ನ ಫೋನ್ ಬಡಿದುಕೊಂಡಿತು, ಒಂದೇ ಸಮನೆ ಬಡಿದುಕೊಂಡಾಗ ತಾಳಲಾರದೆ ಎತ್ತಿ ಬಯ್ಯಲು ಬಾಯಿ ತೆರೆದೆ. ಆ ಕಡೆ ಒಬ್ಬ ಹೆಂಗಸು, ಲೈಬ್ರರಿಯಲ್ಲಿ ಕೆಲಸವಂತೆ, ನಿನ್ನ ಜೊತೆ ಎರಡು ಮೂರು ಸಲ ಮಾತಾಡಿದ್ದರಂತೆ. ನನ್ನ ದನಿ ಕೇಳಿದ್ದೇ, "ನೀವು ಗುಂಡಿ ಅಲ್ವಾ?" ಎಂದರು. ಅಪ್ಪಾ, ಹೊರಗಿನವರ ಬಾಯಲ್ಲಿ ಆ ಹೆಸರು ಕೇಳಿದ್ದು ಇದೇ ಮೊದಲು. ನೀನು ಮೊದಲ ದಿನವೇ ಅವರಿಗೆ ನನ್ನ ವಿಷಯ ಹೇಳಿದ್ದೆಯಂತೆ. ಮತ್ತೆ ಪುಟದಲ್ಲಿ ಹಾಗೆ ಯಾಕಿದೆ ಎಂದು ಅವರೂ ಕೇಳಿದ್ದರಂತೆ. ಮಕ್ಕಳು ಇದ್ದಾರೆ ಎಂದು ಒತ್ತಿದರೆ ಮಗಳ ಹೆಸರು, ವಯಸ್ಸು, ಕೆಲಸ, ಫೋನ್ ನಂಬರ್ ಎಲ್ಲ ತುಂಬಿಸುವವರೆಗೆ ಮುಂದೆ ಹೋಗಲು ಬಿಡುವುದಿಲ್ಲವಂತೆ. ನೀನು ಹೇಳಿದ್ದನ್ನು ಅವರು ಹಾಗೇ ಹೇಳಿದರು: "ನಂದು ಎಲ್ಲಾದ್ರೂ ಹೋಗ್ಲಿ, ಅವಳದ್ದು ಅವರ ಕೈಗೆ ಯಾಕೆ ಕೊಡ್ಲಿ?" ಹೆಸರನ್ನು ಅವರಿಗೂ ಹೇಳಲಿಲ್ಲವಂತೆ, ಗುಂಡಿ ಅಂತಷ್ಟೇ ಗೊತ್ತು.

ಊರಿಗೆಲ್ಲ ಹಂಚಿಹೋದ ಆ ಪುಟವನ್ನು ಈಗ ಮತ್ತೆ ತೆಗೆದು ಮೇಲಿನಿಂದ ಕೆಳಗಿನವರೆಗೆ ನೋಡಿದೆ. ನಿನ್ನದು ಬಯಲಾಗದೆ ಒಂದೂ ಉಳಿದಿಲ್ಲ. ನನ್ನದು ಒಂದಕ್ಷರವೂ ಇಲ್ಲ.

ಲೋಟ ತೊಳೆಯುವ ಬದಲು ಇದನ್ನು ಅವತ್ತೇ ಹೇಳಬಾರದಿತ್ತಾ? ಇಂಜೆಕ್ಷನ್ ಇಳಿದ ಹಾಗಿದೆ ಅಪ್ಪಾ, ಈಗ ತುಂಬಾ ನೋಯುತ್ತಿದೆ. ಪರಿಹಾರ ಕೊಟ್ಟರೆ ಕೊಡಲಿ, ಬಿಟ್ಟರೆ ಬಿಡಲಿ. ಆ ಹೆಂಗಸಿಗೆ ಹೇಳಿದ್ದನ್ನೇ ಗುರುವಾರ ಆ ಮೇಜಿನ ಮುಂದೆ ನಿಂತು, ನಾನು ಪಕ್ಕದಲ್ಲಿರುವಾಗ, ಇನ್ನೊಂದು ಸಲ ಹೇಳು. ಸ್ನಾನ ಇಲ್ಲಿಗೆ ಬಂದು ಮಾಡು.