ಬಲಗಡೆಯಿಂದ ತೆರೆಯುವ ಪುಸ್ತಕ

ವೆಂಡೆಲ್,

ನಿನ್ನ ಗೋಂದಿನ ಡಬ್ಬಿಯನ್ನು ಕಸಕ್ಕೆ ಎಸೆದಿದ್ದೇನೆ. ಹುಡುಕಬೇಡ.

ಟೆಸ್ ತಂದ ಪರ್ಷಿಯನ್ ಕಥೆಪುಸ್ತಕವನ್ನು ಯಾರೂ ಉಲ್ಟಾ ಹೊಲಿದಿರಲಿಲ್ಲ ಮಾರಾಯ! ಆ ಭಾಷೆಯನ್ನು ಬಲದಿಂದ ಎಡಕ್ಕೆ ಓದುತ್ತಾರೆ. ನೀನು ಹಾಳೆಗಳನ್ನೆಲ್ಲ ಬಿಚ್ಚಿ, ಇನ್ನೊಂದು ಅಂಚಿಗೆ ಅಂಟಿಸಿ, "ಸರಿ ಮಾಡ್ಕೊಟ್ಟೆ ನೋಡು" ಅಂತ ಮಗಳ ಮುಂದೆ ಎದೆಯುಬ್ಬಿಸಿದೆ. ಈಗ ಬಲಗಡೆಯಿಂದ ತೆರೆದರೆ ಕಥೆಯ ನರಿ ಮೊದಲು ಸತ್ತು ಆಮೇಲೆ ಹುಟ್ಟುತ್ತದೆ.

ಅದು ಅವಳ ಗೆಳತಿ ಮಹ್ತಾಬ್‌ಗೆ ಅಜ್ಜಿ ಇರಾನಿನಿಂದ ಕಳಿಸಿದ್ದು. ನಾಲ್ಕು ಗಂಟೆಗೆ ಆ ಹುಡುಗಿ ಟೆಸ್‌ಗೆ ಕಥೆ ಓದಿ ಹೇಳಲು ಬರುತ್ತಾಳೆ. ಜೋಳದ ಸೂಪ್ ಬಿಸಿ ಮಾಡಿಕೊಡು. ಕ್ಷಮೆ ಕೇಳು. ಕೇಳುವಾಗ ಹಲ್ಲು ಕಿರಿಯಬೇಡ.

ಶಾಲೆಗೆ ಸೇರಿದಂದಿನಿಂದ "ತಪ್ಪು ಕಡೆಯಿಂದ ಶುರು ಮಾಡ್ತೀಯಲ್ಲೇ" ಅಂತ ಎಲ್ಲರೂ ಮಹ್ತಾಬ್‌ಳನ್ನು ತಿದ್ದುತ್ತಲೇ ಇದ್ದಾರೆ. ಈ ಮನೆಯಲ್ಲಿ ಯಾರೂ ತಿದ್ದುವುದಿಲ್ಲ ಅಂತ ನಂಬಿ ಪುಸ್ತಕ ಕೊಟ್ಟಿದ್ದಳು.

ಲೊರೇನ್