ಅಟ್ಟದ ಕೆಳಗಿನ ಡ್ರ್ಯಾಗನ್

ಏಪ್ರಿಲ್ 13, ಭಾನುವಾರ
ಇವತ್ತೂ ಪೇಪರ್ ಓದಲು ಬಿಡಲಿಲ್ಲ. ಹಜಾರದಲ್ಲಿ ಮೊಮ್ಮಗಳು ಜೀವಿತಾ, ಅವಳ ಕಾಲೇಜು ಸ್ನೇಹಿತರು, ದಾಳ. ಅವಳು ಕಥೆ ಹೇಳುತ್ತಾಳೆ, ಉಳಿದವರು ಅದರೊಳಗಿನ ಪಾತ್ರಗಳು, ಸೋಲು ಗೆಲುವು ದಾಳದ್ದು. ಯಾವುದೋ ರಾಜರ ಕಾಲವಂತೆ. ತೆಂಗಿನ ಸಸಿ ನೆಟ್ಟ ವರ್ಷವೇ ಫಲವಂತೆ. ತೆಂಗಿನ ಸೀಮೆ ತುರುವೇಕೆರೆಯಲ್ಲಿ ಹುಟ್ಟಿದ ಹುಡುಗಿ ಹೇಳುವ ಮಾತೇ... ಎದ್ದು ಹೋಗಿ ಆಕ್ಷೇಪಿಸಿದೆ. ಕಥೆಯಲ್ಲಿ ಬೆಂಕಿಯುಗುಳುವ ಡ್ರ್ಯಾಗನ್ ಇದೆ, ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಸಸಿಯ ವಿಷಯ ಬೇರೆ.
"ಹಂಗಾದ್ರೆ ಬೇಸಾಯ ಎಲ್ಲಾ ನೀವೇ ಬರ್ಕೊಡಿ ತಾತ," ಎಂದಳು ಜೀವಿತಾ.

ಏಪ್ರಿಲ್ 16
ಬರೆಯುತ್ತಿದ್ದೇನೆ. ಕೆರೆ, ತೂಬು, ಗದ್ದೆಗೆ ನೀರು ಬಿಡುವ ನೀರುಗಂಟಿ, ಸುಗ್ಗಿಯಲ್ಲಿ ಅವನಿಗೆ ಸಲ್ಲುವ ರಾಗಿ. ಹೆಂಡತಿ ಗಿರಿಜಾಂಬಿಕಾ ಇಣುಕಿದಳು. "ಇಲ್ಲದ ಊರಿನ ಕೆರೆ ಹೂಳೆತ್ತುಸ್ತಾ ಕೂತಿದ್ದೀರಲ್ಲ, ನಮ್ಮನೆ ಸಂಪು ತೊಳ್ದು ಯಾವ ಕಾಲ ಆಯ್ತು ಕಣ್ರೀ?" ಮುಂದಿನ ಪುಟ ತಿರುಗಿಸಿದೆ.

ಏಪ್ರಿಲ್ 20, ಭಾನುವಾರ
ಆಟ ಕಳೆಗಟ್ಟಿತು. ಇಡೀ ಮಧ್ಯಾಹ್ನ ತೂಬಿನ ನೀರಿನ ಸರದಿಯ ಜಗಳ. ಜೀವಿತಾಳ ಸ್ನೇಹಿತ, ಮಾಯಸಂದ್ರದ ಉಜ್ವಲ್, ಆಟದಲ್ಲಿ ಕತ್ತಿ ಹಿಡಿದ ವೀರ — ಅವನೂ ನೀರುಗಂಟಿಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಡ್ರ್ಯಾಗನ್ ಗುಡ್ಡದ ಮೇಲೆ ಕಾದು ಸಾಕಾಗಿ ಮಲಗಿತು.

ಏಪ್ರಿಲ್ 21
ಆಟದವರಲ್ಲೊಬ್ಬಳು, ಶಿಲ್ಪ, ಇನ್ನು ಬರುವುದಿಲ್ಲವಂತೆ. ಇಂಥ ಜಗಳ ಅವಳ ಮನೆಯಲ್ಲೇ ಪುಕ್ಕಟೆ ಸಿಗುತ್ತದಂತೆ. ಉಜ್ವಲನೂ ಬಿಟ್ಟರೆ ಆಟವೇ ನಿಂತೀತು. ಜೀವಿತಾ ವರ್ಷವಿಡೀ ಕೂತು ಕಟ್ಟಿದ ಕಥೆ. ಬಾಯಿ ಮುಚ್ಚಿಕೊಂಡಿರಲು ನಿಶ್ಚಯಿಸಿದೆ.

ಏಪ್ರಿಲ್ 27, ಭಾನುವಾರ
ಆಗಲಿಲ್ಲ. ಉಜ್ವಲ್ ಡ್ರ್ಯಾಗನ್ನನ್ನು ಕೊಲ್ಲದೆ ಹಿಡಿದ. ಕಾಯಿ ಅಟ್ಟದ ಮೇಲೆ ವರ್ಷ ಒಣಗಿದರೆ ತಾನೆ ಉಂಡೆಕೊಬ್ಬರಿ? ಇವನು ಡ್ರ್ಯಾಗನ್ನನ್ನು ಅಟ್ಟದ ಕೆಳಗೆ ಕಟ್ಟಿ, ಅದರ ಉಸಿರಿನ ಬಿಸಿಗೆ ಕಾಯಿಯನ್ನು ವಾರದಲ್ಲೇ ಒಣಗಿಸುತ್ತಾನಂತೆ. ಎಲ್ಲರ ಚಪ್ಪಾಳೆ.
"ಹೊಗೆ ಹಿಡ್ದ ಕೊಬ್ಬರೀನ ತಿಪಟೂರ್ ಮಾರ್ಕೆಟ್ಟಲ್ಲಿ ಯಾರೂ ಮೂಸೋದಿಲ್ಲ ಕಣಪ್ಪ," ಎಂದೆ.
"ಆ ರಾಜ್ಯದಲ್ಲಿ ತಿಪಟೂರೇ ಇಲ್ಲ, ತಾತ," ಎಂದ ಉಜ್ವಲ್.
"ಮಾರ್ಕೆಟ್ಟೇ ಇಲ್ದೆ ಕೊಬ್ಬರಿ ಯಾಕ್ ಮಾಡ್ತೀಯ?"
ದಾಳಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೇಹೋದ.

ಮೇ 1
ಜೀವಿತಾ ಮಾತು ಬಿಟ್ಟಿದ್ದಾಳೆ. ಚಟ್ನಿಯನ್ನೂ ಅಜ್ಜಿಯ ಮೂಲಕವೇ ಸರಿಸುತ್ತಾಳೆ.

ಮೇ 3
ಬಸ್ಸು ಹತ್ತಿ ಮಾಯಸಂದ್ರಕ್ಕೆ, ಉಜ್ವಲನ ಮನೆಗೆ ಹೋದೆ. ಕ್ಷಮೆ ಕೇಳಿದೆನೋ ಇಲ್ಲವೋ ನೆನಪಿಲ್ಲ. ನನಗೆ ಎಮರ್ಜೆನ್ಸಿ ಕಾಲದ ಸಕ್ಕರೆ ಕ್ಯೂ ಕೂಡ ನೆನಪಿದೆ, ಇದೊಂದು ಇಲ್ಲ. ಬರಲು ಒಪ್ಪಿದ. ಒಂದೇ ಷರತ್ತು.
"ನೀವು ಇನ್ಮೇಲೆ ಡ್ರ್ಯಾಗನ್ ಆಗ್ಬುಡಿ ತಾತ. ಅದಕ್ಕೆ ಮಾತು ಬರಾಕಿಲ್ಲ."
ಒಪ್ಪಿದೆ. ಮೊಮ್ಮಗಳಿಗಾಗಿ.

ಮೇ 4, ಭಾನುವಾರ, ಮಧ್ಯಾಹ್ನ
ಶಿಲ್ಪಳೂ ಬಂದಿದ್ದಾಳೆ. ಕಾಫಿಯನ್ನು ಜೀವಿತಾಳೇ ನನ್ನ ಕೈಗೆ ತಂದುಕೊಟ್ಟಳು. ಅಟ್ಟದ ಕೆಳಗೆ ಸರಪಳಿಯಲ್ಲಿದ್ದೇನೆ. ಊದು ಎಂದಾಗಲೆಲ್ಲ ಊದಿದೆ. ಒಂದು ಮಾತಿಲ್ಲ. ಈಗ ಎಲ್ಲರೂ ಊಟಕ್ಕೆ ಎದ್ದಿದ್ದಾರೆ. ಹೀಗೆ ಹಗಲಿರುಳು ದುಡಿಯುವ ಪ್ರಾಣಿಗೆ ಮೇವೇನು, ವಾರದ ರಜೆ ಯಾವತ್ತು — ಒಬ್ಬರೂ ಯೋಚಿಸಿಲ್ಲ. ಮಾತು ಬರುವುದಿಲ್ಲ, ಸರಿ. ಬರೆಯಲು ಬರುವುದಿಲ್ಲ ಎಂದು ಯಾರೂ ಹೇಳಲಿಲ್ಲವಲ್ಲ. ಕರಡು ಇಲ್ಲೇ ಮಾಡಿಕೊಳ್ಳುತ್ತೇನೆ.
ಮಹಾರಾಜರ ಸನ್ನಿಧಾನಕ್ಕೆ, ತಮ್ಮ ರಾಜ್ಯದ ಡ್ರ್ಯಾಗನ್ ಮಾಡುವ ಅರಿಕೆ ಏನೆಂದರೆ —